ಚಾರ್ಜರ್ ದೊಡ್ಡಪ್ಪ

ಬೀದಿಯವರೆಲ್ಲ ಕರೆಯುವುದೇ ಚಾರ್ಜರ್ ದೊಡ್ಡಪ್ಪ ಎಂದು. ಮನೆಗೆ ಯಾರೇ ಬರಲಿ, ದೊಡ್ಡಪ್ಪನ ಕಣ್ಣೆಲ್ಲ ಮೇಜಿನ ಮೇಲಿನ ಟ್ಯಾಬ್ಲೆಟ್ ಮೇಲೆ. "ಮುಟ್ಟಬೇಡಿ, ಪಾಪ, ಈಗ ತಾನೇ ಹೊಟ್ಟೆ ತುಂಬ್ತಾ ಇದೆ." ಬ್ಯಾಟರಿ ಬೇಗ ಹಾಳಾದೀತೆಂದು ಪೂರ್ತಿ ತುಂಬಲೂ ಬಿಡುವವರಲ್ಲ, ಎಂಬತ್ತು ಪರ್ಸೆಂಟ್ ದಾಟಿತೋ, ಸ್ನಾನ ಅರ್ಧಕ್ಕೆ ಬಿಟ್ಟು ಟವೆಲ್ಲಿನಲ್ಲೇ ಓಡಿಬಂದು ವೈರು ಕೀಳುತ್ತಾರೆ. ಚಾರ್ಜಿಗಿಟ್ಟಾಗ ಕವರ್ ಬಿಚ್ಚಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಬೆನ್ನು ಮುಟ್ಟಿ ನೋಡುತ್ತಾರೆ. ಸ್ಕ್ರೀನಿನ ಬೆಳಕು ತಗ್ಗಿಸಿಟ್ಟರೂ ಕಾಣಲಿ ಎಂದು ಹಗಲಲ್ಲೇ ಕಿಟಕಿಯ ಪರದೆ ಎಳೆದು ಕೋಣೆ ಕತ್ತಲೆ ಮಾಡುತ್ತಾರೆ. ಮೊಮ್ಮಗಳು ಆಟಕ್ಕೆ ಕೇಳಿದರೆ ತಮ್ಮ ಫೋನನ್ನೇ ಕೊಟ್ಟುಬಿಡುತ್ತಾರೆ. ಅದು ಎಷ್ಟು ಸಲ ಆಫ್ ಆದರೂ ಅವರಿಗೆ ಚಿಂತೆಯಿಲ್ಲ. ಜಿಪುಣ ಎಂದು ನಗುವವರು ನಗಲಿ. ಪಾರ್ಶ್ವವಾಯು ಬಡಿದು ದೊಡ್ಡಮ್ಮನ ಮಾತು ನಿಂತ ಮೇಲೆ, ಅವರು ಒಂದೇ ಬೆರಳಲ್ಲಿ ಬರೆದದ್ದನ್ನು ಗಟ್ಟಿಯಾಗಿ ಹೇಳುವುದು ಆ ಟ್ಯಾಬ್ಲೆಟ್ಟೇ. ಒಮ್ಮೆ ನೆಂಟರ ನಡುವೆ ಅದು ಆರಿಹೋಗಿ, ದೊಡ್ಡಮ್ಮ ಹೇಳಲು ಹೊರಟ ಮಾತು ಅರ್ಧಕ್ಕೇ ನಿಂತಿತ್ತು. ಅವತ್ತಿನ ಅವರ ಮುಖವನ್ನು ದೊಡ್ಡಪ್ಪ ಮರೆತಿಲ್ಲ. ಈಗ ಆ ಟ್ಯಾಬ್ಲೆಟ್ ದಿನವೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ: "ಆ ವೈರಿನ ಹಿಂದೆ ಬಿದ್ದು ಸಾಯಬೇಡಿ, ಬಂದು ಕೂತ್ಕೊಳ್ಳಿ." ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂರುತ್ತಾರೆ. "ಬೈಯಿ," ಎನ್ನುತ್ತಾರೆ, "ಇನ್ನೂ ಬೇಕಾದಷ್ಟು ಚಾರ್ಜಿದೆ."