ತಿರುವಿನಮ್ಮನ ಹತ್ತಿರ ತೆಗೆದ ಫೋಟೋ

ಆವತ್ತು ಟೆಂಪೋದಲ್ಲಿ ಇದ್ದವರು ಯಾವಾಗಲೂ ಇರುವವರೇ. ಸ್ಟೀರಿಂಗ್ ಹಿಡಿದಿದ್ದವನು ನನ್ನ ಅಕ್ಕನ ಗಂಡ. ಪಕ್ಕದ ಸೀಟಿನಲ್ಲಿ ನಾನು. ಹಿಂದೂಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ವಾರಕ್ಕೊಮ್ಮೆ ನನಗೆ ಕೆಲಸವಿರುತ್ತದೆ. ನನ್ನ ಬೆನ್ನ ಹಿಂದೆ, ಮಗಳ ಮನೆಗೆಂದು ಒಂದು ಹುಂಜವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಅಜ್ಜಿ. ಅವಳ ಹಿಂದೆ ಕಲ್ಯಾಣದುರ್ಗದಲ್ಲಿ ಹತ್ತಿದವರು, ಕುಂದುರ್ಪಿಯಲ್ಲಿ ಹತ್ತಿದವರು, ಒಬ್ಬರ ತೊಡೆಗೆ ಇನ್ನೊಬ್ಬರ ತೊಡೆ ಒತ್ತಿಕೊಂಡು. ಹೊಸದೆಂದರೆ ಗಾಜಿನ ಮೇಲೆ ಅಂಟಿಸಿದ್ದ ಒಂದು ಸಣ್ಣ ಕ್ಯಾಮೆರಾ ಮಾತ್ರ.

ಅದನ್ನು ಹಾಕಿಸಿದ್ದು ಗಾಡಿಯ ಒಡತಿ. ಹಿಂದೂಪುರದವರು, ನಾವೆಲ್ಲ ಓನರಮ್ಮ ಅನ್ನುತ್ತೇವೆ. ಡ್ರೈವರು ಫೋನನ್ನು ಕಿವಿಗಿಟ್ಟರೆ ಕ್ಯಾಮೆರಾ ತೆಲುಗಿನಲ್ಲಿ ಎಚ್ಚರಿಸುತ್ತದೆ. ಜೊತೆಗೇ ಒಂದು ಫೋಟೋ ತೆಗೆದು ಓನರಮ್ಮನ ಫೋನಿಗೆ ಕಳಿಸುತ್ತದೆ. ಅವರ ಗಂಡ ಮೊದಲು ಇನ್ನೊಂದು ಗಾಡಿ ಓಡಿಸುತ್ತಿದ್ದವರು. ಫೋನಿನಲ್ಲಿ ಮಾತಾಡುತ್ತಲೇ ಹೋಗಿ ನಿಂತ ಲಾರಿಗೆ ಗುದ್ದಿ ತೀರಿಹೋದರು. ಆ ಕಡೆಯಿಂದ ಮಾತಾಡುತ್ತಿದ್ದವರು ಈ ಓನರಮ್ಮನೇ. ಗುದ್ದಿದ ಮೇಲೂ ಫೋನು ಕಟ್ ಆಗಲಿಲ್ಲವಂತೆ. ಬಹಳ ಹೊತ್ತು ಬರೀ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸುತ್ತಿತ್ತಂತೆ.

ಹಾಗಾಗಿ ಭಾವನಿಗೆ ಅವರು ಮೊದಲೇ ಹೇಳಿಬಿಟ್ಟಿದ್ದರು, "ಫೋನ್ ಹಿಡ್ದಿರೋ ಫೋಟೋ ಒಂದು ಬಂತು ಅಂದ್ರೂ ಕೀ ಟೇಬಲ್ ಮೇಲಿಟ್ಟು ಹೊರಟೋಗಪ್ಪ." ಭಾವನಿಗೆ ಬೇರೆ ಕಸುಬು ಗೊತ್ತಿಲ್ಲ. ಆವತ್ತು ಹತ್ತುವಾಗಲೇ ತನ್ನ ಫೋನು ಆಫ್ ಮಾಡಿ ನನ್ನ ಜೇಬಿಗೆ ತುರುಕಿದ. "ನೀನೇ ಕಾಯ್ಕಳ್ಲಾ ಬಾಮೈದ. ನನ್ ತಾವಿದ್ರೆ ಕೈ ಸುಮ್ಕಿರಾಕಿಲ್ಲ."

ಕುಂದುರ್ಪಿ ದಾಟಿದ ಮೇಲೆ ರಸ್ತೆ ಒಂದು ಕಡೆ ಬಳುಕಿ ತಿರುಗುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರದ ನೆರಳು ರಸ್ತೆಯನ್ನು ಒರೆಸಿಕೊಂಡು ಹೋಗುತ್ತಿರುತ್ತದೆ. ಅಲ್ಲಿ ಬೇವಿನ ಮರದ ಬುಡದಲ್ಲಿ ಆಳೆತ್ತರವೂ ಇಲ್ಲದ ತಿರುವಿನಮ್ಮನ ಗುಡಿ. ಹೋಗುವವರೂ ಬರುವವರೂ ಅಲ್ಲಿ ಗಲ್ಲ ಬಡಿದುಕೊಳ್ಳದೆ ಮುಂದೆ ಹೋಗುವುದಿಲ್ಲ. ಆವತ್ತೂ ಬಡಿದುಕೊಂಡೆವು. ಆಗ ಗಾಡಿಯೊಳಗೆ ಒಂದು ಹೆಣ್ಣುದನಿ, ಫೋನು ಪಕ್ಕಕ್ಕಿಡಿ ಎಂದಿತು.

"ಏನ್ಲಾ, ನನ್ ಫೋನು ನಿನ್ ಜೇಬಲ್ಲೇ ಐತೇನ್ಲಾ?" ಎಂದು ಭಾವ ಕೇಳಿದ.

"ಇಲ್ಲೇ ಐತೆ ಬಾವ."

ಹಿಂದಿನಿಂದ ಅಜ್ಜಿ ಬಗ್ಗಿದಳು. "ಯಾರಪ್ಪ ಅದು ಮಾತಾಡಿದ್ದು?"

"ಮಿಷನ್ ಕಣಜ್ಜಿ."

"ಮಿಷನ್ನಂತೆ! ಇಷ್ಟು ದೂರ ಮೂಗಿ ಹಂಗೆ ಬಂದ್ಬುಟ್ಟು, ಸರಿಯಾಗಿ ಅಮ್ಮನ್ ಗುಡಿ ತಾವ ಬಾಯಿ ಬಿಡ್ತದೇನ್ಲಾ ಮಿಷನ್ನು?"

ಹಿಂದೂಪುರದಲ್ಲಿ ಜನರನ್ನು ಇಳಿಸಿ ಗಾಡಿಯನ್ನು ಓನರಮ್ಮನ ಶೆಡ್ಡಿಗೆ ತಂದೆವು.

ಓನರಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಭಾವ ಇಳಿಯುತ್ತಲೇ ಶುರು ಮಾಡಿದ, "ಅಮ್ಮನೋರ್ಗೆ ಗಲ್ಲ ಬಡ್ಕಂಡೆ ಕಣಮ್ಮ. ಆ ಮಿಷನ್ಗೆ ಅದೂ ಫೋನೇ. ಬೇಕಾದ್ರೆ ನಮ್ ಬಾಮೈದನ್ನ ಕೇಳಿ." ಅವರು ತಮ್ಮ ಫೋನನ್ನು ನಮ್ಮ ಕಡೆ ತಿರುಗಿಸಿದರು.

ಫೋಟೋದಲ್ಲಿ ಭಾವನ ಕೈಯಲ್ಲಿ ಫೋನು ಇರಲಿಲ್ಲ, ನಿಜ. ಬೆರಳು ಗಲ್ಲದ ಮೇಲಿತ್ತು, ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ನಾನು, ನನ್ನ ಕೈಯೂ ಗಲ್ಲದ ಮೇಲೆ, ನನ್ನ ಕಣ್ಣೂ ಮುಚ್ಚಿತ್ತು. ಹಿಂದೆ ಅಜ್ಜಿ, ಅವಳ ಹಿಂದಿನವರು, ಕೊನೆಯ ಸೀಟಿನ ಮುಸುಕು ಹೊದ್ದ ಹೆಂಗಸು, ಎಲ್ಲರದೂ ಹಾಗೇ. ಮೂಲೆಯಲ್ಲಿ ಗಾಡಿಯ ವೇಗ ಬರೆದಿತ್ತು. ನಿದ್ದೆಹೋದವರ ಮುಖ ಹಾಗಿರುವುದಿಲ್ಲ. ಎಲ್ಲರೂ ಒಟ್ಟಿಗೆ ಎಲ್ಲಿಗೋ ಹೋಗಿಬಿಟ್ಟು, ಮೈಗಳು ಮಾತ್ರ ಗಾಡಿಯಲ್ಲಿ ಕೂತ ಹಾಗಿತ್ತು. ಕಣ್ಣು ಬಿಟ್ಟು ರಸ್ತೆ ನೋಡುತ್ತಿದ್ದದ್ದು ಅಜ್ಜಿಯ ಹುಂಜವೊಂದೇ.

"ಹುಂಜ ಓಡಿಸ್ತಿತ್ತು ಬಿಡಮ್ಮ," ಎಂದು ಭಾವ ನಗಲು ನೋಡಿದ. ನಗು ಬರಲಿಲ್ಲ.

"ಫೋನಲ್ಲ ಅಂತ ಒಪ್ಕೊಂಡೆ ಕಣಪ್ಪ," ಎಂದರು ಓನರಮ್ಮ. "ಹಂಗಾದ್ರೆ ಆ ಹೊತ್ತಲ್ಲಿ ಗಾಡಿ ಓಡಿಸ್ತಿದ್ದೋರು ಯಾರು? ಇಂಥದ್ದು ಇನ್ನೊಂದು ಬಂದ್ರೂ ಕೀ ಇಸ್ಕೊತೀನಿ. ಅದೂ ಇದೂ ಎರಡೂ ಒಂದೇ ನಂಗೆ."

ಮಧ್ಯಾಹ್ನ ವಾಪಸು ಹೊರಟಾಗ ಭಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಇವತ್ತು ತಿರುವಲ್ಲಿ ಯಾರೂ ಕೈ ಎತ್ಬ್ಯಾಡ್ರಪ್ಪ. ಮನಸ್ನಾಗೇ ಮುಗ್ಕಳಿ. ನನ್ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ."

"ಆಗ್ಲಿ ಕಣಪ್ಪ, ಅಮ್ಮನೇನು ಕೋಪ ಮಾಡ್ಕಳಾಕಿಲ್ಲ," ಎಂದಳು ಅಜ್ಜಿ. ಹುಂಜವನ್ನು ಮಗಳಿಗೆ ಕೊಟ್ಟು ಬಂದಿದ್ದಳು. ಮಡಿಲು ಖಾಲಿ ಇತ್ತು.

ಬೇವಿನ ಮರ ಕಂಡಿತು. ಭಾವ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಸುಕುವ ಹಾಗೆ ಹಿಡಿದಿದ್ದ. ನಾನು ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದೆ. ಗಾಳಿಯಂತ್ರದ ನೆರಳು ಒಂದು ಸಲ ಗಾಜಿನ ಮೇಲೆ ಹಾದುಹೋಯಿತು. ಆಗ ಆ ದನಿ, ಅಲ್ಲಿಯವರೆಗೆ ನಾವು ಕೇಳಿರದ ಒಂದು ಮಾತು ಹೇಳಿತು. ಕಣ್ಣು ತೆರೆಯಿರಿ.

ಭಾವ ಬ್ರೇಕು ತುಳಿದ. ಗಾಡಿ ಮಣ್ಣಿಗಿಳಿದು ನಿಂತಿತು.

"ನಾನ್ ಮುಚ್ಚಿರ್ಲಿಲ್ಲ ಕಣ್ಲಾ. ನೀನು ನೋಡ್ತಾನೇ ಇದ್ಯಲ್ಲ, ಹೇಳ್ಲಾ!"

"ನಾನ್ ಕಾಣೆ ಬಾವ," ಎಂದೆ. ಅವನ ಮುಖ ನೋಡುತ್ತಿದ್ದದ್ದು ನೆನಪಿತ್ತು, ಬ್ರೇಕು ಹಿಡಿದದ್ದು ನೆನಪಿತ್ತು. ನಡುವೆ ಏನೂ ಇರಲಿಲ್ಲ. ನನ್ನ ಕಣ್ಣೂ ತಾನಾಗಿಯೇ ಮುಚ್ಚಿಕೊಂಡಿತ್ತು.

"ನಾನೂ ಕಾಣೆ ಕಣಪ್ಪ," ಎಂದಳು ಅಜ್ಜಿ ಮೆಲ್ಲಗೆ. "ಒಂದ್ ಗಳಿಗೆ ಕತ್ಲಾಗಿತ್ತು."

ಇಳಿದೆವು. ಗುಡಿಯ ಎದುರುಬದಿಗೆ, ಟಾರಿನ ಅಂಚಿನಿಂದ ಎರಡು ಮಾರು ಕೂಡ ಇಲ್ಲ, ಒಂದು ಹಾಳುಬಾವಿ. ಕಟ್ಟೆ ಇಲ್ಲ, ಬೇಲಿ ಇಲ್ಲ. ಒಳಗೆ ಜಾಲಿ ಬೆಳೆದು ಒಣಗಿತ್ತು. ನಮ್ಮ ಅಜ್ಜಂದಿರ ಕಾಲದ ಕಲ್ಲುಕಟ್ಟಣ; ನಿನ್ನೆ ಮೊನ್ನೆಯದಲ್ಲ. ಆ ದಾರಿಯಲ್ಲಿ ಹುಟ್ಟಿ ಬೆಳೆದವರು ನಾವು. ಅಲ್ಲಿ ಬಾವಿ ಇದೆಯೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಭಾವ ಇಣುಕಿ ನೋಡಿ ಹಿಂದೆ ಸರಿದ. "ಇಷ್ಟು ವರ್ಸ ಈ ತಿರುವನ್ನ ನಾನು ನೋಡೇ ಇಲ್ಲ ಕಣ್ಲಾ," ಎಂದ. ಆಮೇಲೆ ನನ್ನ ಜೇಬಿನಿಂದ ತನ್ನ ಫೋನು ತೆಗೆದು, ಆನ್ ಮಾಡಿ, ತಾನೇ ಓನರಮ್ಮನಿಗೆ ಹಚ್ಚಿದ.

"ಅಮ್ಮ, ಫೋಟೋ ಬಂದಿರ್ತದೆ. ಸುಳ್ಳಲ್ಲ ಅದು. ನಾಳೆ ಕೀ ತಂದ್ಕೊಟ್ಟು ಹೋಯ್ತೀನಿ."

ನಾನು ಪಕ್ಕದಲ್ಲೇ ಇದ್ದೆ, ಅವರ ಮಾತು ನನಗೂ ಕೇಳಿಸಿತು.

"ಗಾಡಿ ನಿಲ್ಸಿ ಮಾತಾಡ್ತಿದ್ದೀಯಾ?"

"ನಿಲ್ಸಿವ್ನಿ ಕಣಮ್ಮ. ಇಳ್ದಿವ್ನಿ."

"ಹಂಗಾದ್ರೆ ಕೀ ನಿನ್ ತಾವೇ ಇರ್ಲಿ. ಇನ್ಮೇಲೆ ತಿರುವಿಗೆ ಮುಂಚೆ ಗಾಡಿ ನಿಲ್ಲಿಸು. ಎಲ್ರೂ ಇಳೀರಿ, ಎಷ್ಟೊತ್ತು ಬೇಕಾದ್ರೂ ಗಲ್ಲ ಬಡ್ಕಳ್ರಿ. ಮುಗಿಸ್ಕೊಂಡು ಕಣ್ ಬಿಟ್ಮೇಲೆ ಹತ್ರಿ."

ಮುಂದಿನ ವಾರ ಹಾಗೆಯೇ ಮಾಡಿದೆವು. ಗಾಡಿ ಮರಕ್ಕಿಂತ ಈಚೆಗೇ ನಿಂತಿತು. ಎಲ್ಲರೂ ಇಳಿದು ಅಮ್ಮನ ಮುಂದೆ ಕೈ ಮುಗಿಯುತ್ತಿದ್ದಾಗ ಎದುರಿನಿಂದ ಬಾಡಿಗೆಯ ಜೀಪೊಂದು ಬಂತು, ಒಳಗೂ ಜನ, ಹಿಂದೆ ಜೋತುಬಿದ್ದೂ ಜನ. ಡ್ರೈವರನ ಕೈ ಗಲ್ಲದ ಮೇಲಿತ್ತು. ಜೀಪಿನ ಚಕ್ರ ಬಾವಿಯ ಕಡೆಯ ಮಣ್ಣಿಗೆ ಇಳಿಯುತ್ತಿತ್ತು. ಭಾವ ಓಡಿಹೋಗಿ ಅದರ ತಗಡಿಗೆ ಅಂಗೈಯಿಂದ ದಬದಬ ಬಡಿದು, "ಕಣ್ ಬಿಡ್ಲಾ!" ಎಂದು ಕೂಗಿದ.

ಜೀಪು ನಿಂತಿತು.