ಶರಣಮ್ಮತ್ತೆ ಕಂಡ ಕಸದೆಣ್ಣೆ

ನೆಲ್ಲಿನ ಸಸಿಯನ್ನೂ ಅದರಂತೆಯೇ ಕಾಣುವ ಕಳೆಯನ್ನೂ ನನ್ನ ಸೋದರತ್ತೆ ಶರಣಮ್ಮ ಬೆರಳಿನಿಂದಲೇ ಗುರುತಿಸುತ್ತಿದ್ದಳು. ಹರಟುತ್ತಲೇ ಎಲೆಯ ಬುಡ ಮುಟ್ಟಿ ಕಿತ್ತರೆ ಬಂದದ್ದು ಕಳೆಯೇ. ನಾನು ಕಿತ್ತರೆ ನೆಲ್ಲು. “ಕಸಾ ಉಳಿಸಿ ಬೆಳಿ ಕೀಳಾಕತ್ತೀಯಲ್ಲಬೇ, ನಿನ್ನ ಕಟ್ಟಿಗೊಂಡಾವ ಉಪವಾಸನ!” ಎಂದು ಗದ್ದೆಯ ಹೆಂಗಸರನ್ನೆಲ್ಲ ನಗಿಸುವಳು.

ಅತ್ತೆಯ ಎದೆಯಲ್ಲಿ ಗಡ್ಡೆ ಕಂಡು ರಾಯಚೂರಿಗೆ ಕರೆದೊಯ್ದಾಗ ಡಾಕ್ಟರು ಬಿಡಿಸಿ ಹೇಳಿದರು. ಸಲೈನಿನಲ್ಲಿ ಕೊಡುವ ಮದ್ದು ಬೇಗ ಬೇಗ ಬೆಳೆಯುವ ಜೀವಕಣಗಳನ್ನು ಕೊಲ್ಲುತ್ತದೆ. ಕ್ಯಾನ್ಸರಿನವನ್ನೂ, ಕೂದಲ ಬುಡದವನ್ನೂ, ಬಾಯೊಳಗಿನವನ್ನೂ. ಇನ್ನೊಂದು ಇಂಜೆಕ್ಷನ್ ಕ್ಯಾನ್ಸರ್ ಕಣದ ಮೇಲಿನ ಗುರುತು ಹಿಡಿದು ಅದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ವರ್ಷಗಟ್ಟಲೆ ನುಂಗುವ ಗುಳಿಗೆ, ಗಡ್ಡೆಯನ್ನು ಬೆಳೆಸುವ ಹಾರ್ಮೋನು ಅದಕ್ಕೆ ತಲುಪದಂತೆ ತಡೆಯುತ್ತದೆ.

ಅತ್ತೆ ತಲೆದೂಗಿದಳು. “ಮೊದಲನೇದು ಎಲ್ಲಾ ಸುಡೋ ಎಣ್ಣಿ. ಎರಡನೇದು ಕಸಾ ಅಷ್ಟ ಹುಡುಕಿ ಹೊಡಿಯೋದು. ಗುಳಿಗಿ ಅಂದ್ರ ಕಸಕ್ಕ ನೀರು ಬಂದ್ ಮಾಡೋದು. ಹೌದಿಲ್ರೀ ಸಾಹೇಬ್ರ?”

ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧವೆಲ್ಲ ಎಣ್ಣೆಯೇ. ಡಾಕ್ಟರು ನಕ್ಕರು. “ಹೌದಮ್ಮ. ಆದರೆ ಜ್ವರ ಬಂದರೆ ಒಂದು ಗಳಿಗೆಯೂ ಕಾಯಬೇಡಿ. ಸೋಂಕು ತಡೆಯುವ ಬಿಳಿ ರಕ್ತಕಣಗಳನ್ನೂ ಈ ಮದ್ದು ಇಳಿಸಿಬಿಡುತ್ತದೆ.”

ಮೊದಲ ಸಲದ ಮದ್ದಿಗೆ ಕೂದಲು ಉದುರಿತು, ಬಾಯಿ ಹುಣ್ಣಾಯಿತು. ಅವಳು ಹೆದರಲಿಲ್ಲ. “ಎಣ್ಣಿ ಹೊಡದ ಮ್ಯಾಲ ನೆಲ್ಲೂ ಹಳದಿ ಬೀಳತೈತಿ. ವಾರಕ್ಕ ಹಸಿರಾಕ್ಕೈತಿ.” ಹಾಗೆಯೇ ವಾರದಲ್ಲಿ ಬಾಯಿಹುಣ್ಣು ಮಾಯಿತು. ಅದೇ ನಮ್ಮನ್ನು ಕೆಡಿಸಿತು.

ಎರಡನೇ ಸಲದ ನಂತರ ನಾಟಿಯ ದಿನ ಅವಳು ಬದುವಿನ ಮೇಲೆ, ಸುಡು ಬಿಸಿಲಿನಲ್ಲಿ ಕೌದಿ ಹೊದ್ದು ನಡುಗುತ್ತಿದ್ದಳು. ಹಣೆ ಮುಟ್ಟಿದೆ. ಹಂಚಿನಂತೆ ಕಾದಿತ್ತು.

“ಯಾವಾಗಿಂದ ಅತ್ತಿ?”

“ನಿನ್ನಿಯಿಂದ. ಸುಮ್ಮನಿರಬೇ, ಎಣ್ಣಿ ಕೆಲಸ ಮಾಡಾಕತ್ತೈತಿ. ಮೈಯಾಗಿನ ಕಸಾ ಸುಡಾಕತ್ತೈತಿ. ಈಗ ಆರಿಸಿದ್ರ ಬೇರು ಉಳಿತೈತಿ.”

ಡಾಕ್ಟರ ಮಾತು ಅವಳಿಗೆ ನೆನಪಿತ್ತು. ಆದರೆ ಮದ್ದು ಅರ್ಧಕ್ಕೆ ನಿಂತೀತೆಂದು ಹೆದರಿ ಜ್ವರವನ್ನು ಬಚ್ಚಿಟ್ಟಿದ್ದಳು.

ಹತ್ತಿರದ ಸಿಂಧನೂರಿನ ಆಸ್ಪತ್ರೆಯಲ್ಲಿ ಬರಿಯ ಸಲೈನ್ ಹಾಕಿಸಿ ರಾಯಚೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವಳ ನಾಡಿ ಹಿಡಿದು ಕುಳಿತಿದ್ದೆ. ಅದು ನನ್ನ ಬೆರಳಡಿಯಲ್ಲಿ ತಪ್ಪುತ್ತಿತ್ತು, ಸಿಗುತ್ತಿತ್ತು, ಮತ್ತೆ ತಪ್ಪುತ್ತಿತ್ತು. ಇಂದಿಗೂ ಬಸ್ಸಿನ ಕಂಬಿ ಹಿಡಿದರೆ ಸಾಕು, ಬೆರಳು ಆ ನಾಡಿಯನ್ನೇ ಹುಡುಕುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು ಎರಡು ಮಾತು ಹೇಳಿದರು. ಗಡ್ಡೆ ಅರ್ಧಕ್ಕರ್ಧ ಕರಗಿದೆ. ಬಿಳಿ ಕಣ ಇಲ್ಲವೆನ್ನುವಷ್ಟು ಇಳಿದು, ರಕ್ತಕ್ಕೆಲ್ಲ ನಂಜೇರಿದೆ; ತಡವಾಯಿತು.

ಒಳಗೆ ಹೋದಾಗ ಅತ್ತೆ ಕಣ್ಣು ತೆರೆದಳು. “ಏನಂದ್ರು?”

“ಗಡ್ಡಿ ಅರ್ಧ ಕರಗೈತಂತ ಅತ್ತಿ.”

“ನಾ ಹೇಳಿದ್ದಿಲ್ಲೇನು?” ಎಂದಳು. ಒಡೆದ ತುಟಿಯಲ್ಲಿಯೇ ನಕ್ಕಳು.

ಮರುದಿನ ಉಳಿದರ್ಧ ಗಡ್ಡೆಯನ್ನೂ ಅವಳ ಜೊತೆಗೇ ಮಣ್ಣು ಮಾಡಿದೆವು.