ಅರ್ಧಕ್ಕೆ ನಿಂತ ಗಡ್ಡ

ಕಾಕಾನ ಎಡಗೈ ಹೆಬ್ಬೆರಳು ಅಗಲವಾಗಿತ್ತು. ತುದಿ ಚಪ್ಪಟೆ, ಉಗುರು ಮೊಂಡು, ಸದಾ ಪಟಿಕದ ವಾಸನೆ. ಗಡ್ಡ ಬೋಳಿಸಿ ಮುಗಿಸಿದ ಮೇಲೆ ಅವರು ಕನ್ನಡಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಆ ಹೆಬ್ಬೆರಳನ್ನು ನನ್ನ ಕಿವಿಯ ಬುಡದಿಂದ ಗದ್ದದವರೆಗೆ ನಿಧಾನವಾಗಿ ಎಳೆಯುತ್ತಿದ್ದರು. ಒಂದು ಕೂದಲು ಅಡ್ಡ ಬಂದರೂ ಬೆರಳು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಎಷ್ಟೋ ಡಾಕ್ಟರರ ಕೈ ನನ್ನ ಮುಖದ ಮೇಲೆ ಓಡಾಡಿದೆ. ಕಾಕಾನ ಆ ಬೆರಳನ್ನು ನಂಬಿದಷ್ಟು ನಾನು ಯಾವ ಕೈಯನ್ನೂ ನಂಬಿಲ್ಲ.

ಕತಾರಿನ ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ, ನಾನಿರುವ ಹಳೆಯ ಕಟ್ಟಡದ ಕೆಳಗೇ ಅವರ ಸೆಲೂನು. ಎರಡು ಕುರ್ಚಿ. ಒಂದರ ಹಿಂದೆ ಅವರು, ಇನ್ನೊಂದರ ಹಿಂದೆ ಕೇರಳದವನೊಬ್ಬ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಲ್ಲರ ಹಾಗೆ ನಾನೂ ಕಾಕಾ ಎನ್ನುತ್ತಿದ್ದೆ. ಅವರು ಮಾತ್ರ ಗಿರಾಕಿಗಳನ್ನು ಅವರವರ ಊರಿನಿಂದಲೇ ಗುರುತಿಸುತ್ತಿದ್ದರು. ನಾನು ‘ಗದಗದವ್ರು’. ಅವರ ಕನ್ನಡ ನನಗೆ ಶಾಲೆಯ ಪಾಠದಂತೆ ಕೇಳುತ್ತಿತ್ತು, ನನ್ನದು ಅವರಿಗೆ ಜಗಳದಂತೆ. ಹೆಂಡತಿಯ ಜೊತೆ ನಾನು ಫೋನಿನಲ್ಲಿ ಮಾತಾಡುವುದನ್ನು ಒಮ್ಮೆ ಕೇಳಿ, “ಎಂತ ಮಾರಾಯ್ರೆ, ನಿಮ್ಮಲ್ಲಿ ಪ್ರೀತಿ ಮಾಡೋದೂ ಹೀಗೆ ಬೈದುಕೊಂಡೇಯಾ?” ಎಂದಿದ್ದರು.

ನಾನು ಉತ್ತರದ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಅಲ್ಲಿ ಗಡ್ಡ ಬಿಡುವಂತಿಲ್ಲ. ವಿಷಾನಿಲ ಸೋರಿದರೆ ತಟ್ಟನೆ ಮಾಸ್ಕ್ ಹಾಕಿಕೊಳ್ಳಬೇಕು. ಒಂದು ದಿನದ ಗಡ್ಡವಿದ್ದರೂ ಮಾಸ್ಕಿನ ಅಂಚು ಮುಖಕ್ಕೆ ಕೂರದೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಗೇಟಿನಲ್ಲೇ ಮುಖ ನೋಡಿ ಒಳಗೆ ಬಿಡುತ್ತಾರೆ. ಕಾಕಾ ಒಂದು ದಿನವೂ ಪ್ಲಾಂಟ್ ಕಂಡವರಲ್ಲ. ಆದರೆ ಮಾಸ್ಕಿನ ಅಂಚು ಮುಖದ ಮೇಲೆ ಎಲ್ಲೆಲ್ಲಿ ಕೂರುತ್ತದೆ ಎಂಬುದು ನಮ್ಮ ಸೇಫ್ಟಿ ಆಫೀಸರನಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಗೆರೆಯ ಮೇಲೆ ಬ್ಲೇಡನ್ನು ಎರಡು ಸಲ ಆಡಿಸುತ್ತಿದ್ದರು. ನಾನು ಹರಟೆ ಶುರು ಮಾಡಿದರೆ, “ಯಲ್ಲಾ, ಈಗ ಬಾಯಿ ಬಂದ್” ಎಂದು ಗದ್ದ ಎತ್ತಿ ಹಿಡಿಯುತ್ತಿದ್ದರು.

ಆರು ವರ್ಷದ ಹಿಂದೆ ನಾನು ಸಿಗರೇಟು ಬಿಟ್ಟೆ. ಬಿಟ್ಟೆ ಎಂದು ಊರೆಲ್ಲ ಸಾರಿದೆ ಅನ್ನುವುದೇ ಸರಿ. ಬಿಟ್ಟಿದ್ದು ಬೆಂಕಿಯನ್ನು ಮಾತ್ರ. ಅದರ ಬದಲಿಗೆ ವೇಪ್, ಅಂದರೆ ಆವಿ ಎಳೆಯುವ ಎಲೆಕ್ಟ್ರಾನಿಕ್ ಸಿಗರೇಟು, ಬಂದಿತ್ತು. ಕತಾರಿನಲ್ಲಿ ಅದನ್ನು ಮಾರುವಂತಿಲ್ಲ. ಜೊತೆಯವನೊಬ್ಬ ದುಬೈನಿಂದ ತಂದುಕೊಟ್ಟ, ದಪ್ಪ ಪೆನ್ನಿನಂಥದ್ದು, ಮಾವಿನಹಣ್ಣಿನ ವಾಸನೆಯದು. ಪ್ಲಾಂಟಿನ ಗೇಟು ದಾಟಿಸುವಂತಿರಲಿಲ್ಲ, ಹಾಗಾಗಿ ಆ ಹಸಿವನ್ನೆಲ್ಲ ಮನೆಯಲ್ಲೇ ತೀರಿಸಿಕೊಳ್ಳುತ್ತಿದ್ದೆ. ಸಿಗರೇಟಾದರೆ ತುಟಿಯಲ್ಲಿ ನಿಲ್ಲುತ್ತದೆ. ಇದು ಭಾರ, ತುಟಿಯಲ್ಲಿ ನಿಲ್ಲದು. ನಾನು ಅದನ್ನು ಎಡಗಡೆಯ ದವಡೆಹಲ್ಲಿಗೆ ಕಚ್ಚಿಕೊಂಡು ಝುಣಕ ತಿರುವುತ್ತಿದ್ದೆ, ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ, ಕ್ರಿಕೆಟ್ ನೋಡುತ್ತಿದ್ದೆ. ಪಂದ್ಯ ಬಿಗಿಯಾದಷ್ಟೂ ಹಲ್ಲೂ ಬಿಗಿಯುತ್ತಿತ್ತು.

ನಾಲ್ಕು ತಿಂಗಳಿಗೆ ನೋವು ಶುರುವಾಯಿತು. ಮೊದಲು ಒಂದು ಹಲ್ಲು, ಆಮೇಲೆ ಇಡೀ ದವಡೆ, ಆಮೇಲೆ ಕಿವಿ. ರೊಟ್ಟಿ ಅಗಿಯಲಾಗದೆ ಹಾಲಿನಲ್ಲಿ ನೆನೆಸಿ ನುಂಗತೊಡಗಿದೆ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಸಿಕ್ಕ ಮಾತ್ರೆಯನ್ನೆಲ್ಲ ತಿಂದೆ. ಕೇಳಿದವರಿಗೆಲ್ಲ, ಸಿಗರೇಟು ಬಿಟ್ಟಾಗ ಹೀಗಾಗುತ್ತದೆ, ಮೈ ಹೊಂದಿಕೊಳ್ಳಬೇಕು ಎಂದು ಉಪನ್ಯಾಸ ಕೊಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ನಮ್ಮಣ್ಣ ಗುಟ್ಕಾ ತಿಂದು ಬಾಯಿಯ ಕ್ಯಾನ್ಸರ್‌ನಲ್ಲಿ ಹೋದವನು. ಅವನಿಗೂ ಶುರುವಾಗಿದ್ದು ಎಡದವಡೆಯಲ್ಲೇ. ಡಾಕ್ಟರ ಬಾಯಿಂದ ಆ ಹೆಸರು ಕೇಳುವುದಕ್ಕಿಂತ ನೋವೇ ವಾಸಿ ಅನ್ನಿಸಿತ್ತು.

ಅಷ್ಟರಲ್ಲಿ ಎಡಗೆನ್ನೆಗೆ ನನ್ನ ಕೈಯನ್ನೇ ತಾಗಿಸಲು ಆಗುತ್ತಿರಲಿಲ್ಲ. ಮುಂಚೆ ವಾರಕ್ಕೊಮ್ಮೆ ಕಾಕಾನ ಹತ್ತಿರ ಹೋಗಿ ಉಳಿದ ದಿನ ನಾನೇ ಬೋಳಿಸಿಕೊಳ್ಳುತ್ತಿದ್ದವನು ಈಗ ಪ್ರತಿ ಡ್ಯೂಟಿಗೂ ಮುಂಚೆ ಅವರ ಹತ್ತಿರವೇ ಹೋಗತೊಡಗಿದೆ, ಅವರ ಕೈ ಅಷ್ಟು ಹಗುರ ಎಂಬ ಒಂದೇ ಕಾರಣಕ್ಕೆ. ಅವರು ಏನೂ ಕೇಳಲಿಲ್ಲ. ಎರಡು ವಾರ ಸುಮ್ಮನಿದ್ದರು.

ರಜೆಯಲ್ಲಿ ಮೂರ್ನಾಲ್ಕು ದಿನ ಬೋಳಿಸದೆ ಬಿಟ್ಟು ಒಂದು ಶನಿವಾರ ಸಂಜೆ ಹೋದೆ. ಬಲಗಡೆ ಮುಗಿಸಿ ಎಡಕ್ಕೆ ಬಂದವರು ನೊರೆಯ ಮೇಲೇ ಹೆಬ್ಬೆರಳಿಟ್ಟರು. ಬೆರಳು ದವಡೆಯ ಮೂಲೆಯಲ್ಲಿ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು.

“ಇಲ್ಲಿ ಗಂಟು ಉಂಟು. ಮೊನ್ನೆ ಇಷ್ಟು ಇರಲಿಲ್ಲ. ಡಾಕ್ಟರಿಗೆ ತೋರಿಸಿದ್ರಾ?”

“ಏನಿಲ್ಲರೀ ಕಾಕಾ. ಸಿಗರೇಟ ಬಿಟ್ಟೀನಲ್ಲ, ಅದಕ್ಕ ಹಂಗ. ತಾನ ಹೋಗ್ತೈತಿ.”

ಅವರು ಬ್ಲೇಡು ಮಡಚಿದರು. ಒದ್ದೆ ಟವೆಲಿನಿಂದ ಎಡಗೆನ್ನೆಯ ನೊರೆಯನ್ನು ಒರೆಸಿದರು. ಕೊರಳಿನ ಬಟ್ಟೆ ಬಿಚ್ಚಿ ಕೊಡವಿದರು.

“ಖಲಾಸ್. ಇವತ್ತು ಇಷ್ಟೇ.”

“ಖಲಾಸ್ ಅಂದ್ರ? ಈ ಕಡಿ?”

“ಪಕ್ಕದ ಬಿಲ್ಡಿಂಗಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ, ಈಗ ಓಪನ್ ಉಂಟು. ತೋರಿಸಿ ಬನ್ನಿ. ಉಳಿದದ್ದು ಆಮೇಲೆ ತೆಗೀತೇನೆ.”

“ನಾಳೆ ಡ್ಯೂಟಿ ಐತ್ರೀ! ಗೇಟಿನಾಗ ಒಳಗ ಬಿಡೂದಿಲ್ಲ!”

“ಗೊತ್ತುಂಟು. ಅದಕ್ಕೇ ನಿಲ್ಲಿಸಿದ್ದು.”

ನಾನು ಸಿಟ್ಟಿನಿಂದ ಆ ಕೇರಳದವನ ಕುರ್ಚಿಗೆ ಹೋಗಿ ಕೂತೆ. ಅವನು ಕಾಕಾನ ಮುಖ ನೋಡಿ ಕತ್ತರಿ ಒರೆಸುತ್ತ ನಿಂತುಬಿಟ್ಟ. ಕಾಯುತ್ತಿದ್ದವರು ನಗತೊಡಗಿದರು. ಬೇರೆ ಅಂಗಡಿಗೆ ಹೋಗಬಹುದಿತ್ತು, ಆದರೆ ಬೇರೆಯವರ ಬ್ಲೇಡನ್ನು ಆ ಕೆನ್ನೆ ತಡೆದುಕೊಳ್ಳುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಲಗಡೆ ನುಣ್ಣಗೆ, ಎಡಗಡೆ ಪೊದೆ. ಹಾಗೇ ಬೀದಿಗಿಳಿದೆ. ಕರಕ್ ಚಹಾ ಕುಡಿಯುತ್ತ ನಿಂತವರು ಲೋಟ ಹಿಡಿದುಕೊಂಡೇ ತಿರುಗಿ ನೋಡಿದರು. ಹಲ್ಲಿನ ಡಾಕ್ಟರಮ್ಮ ಕೂಡ ಬಾಯಿ ನೋಡುವ ಮೊದಲು ಗಡ್ಡವನ್ನೇ ನೋಡಿದರು.

ಎಕ್ಸ್‌ರೇ ಪರದೆಯ ಮೇಲೆ ಬರುವ ತನಕ ಅಣ್ಣನ ಮುಖವೇ ಕಣ್ಣ ಮುಂದೆ. ಡಾಕ್ಟರಮ್ಮ ಹೇಳಿದ್ದು ಬೇರೆಯೇ. ವೇಪ್ ಕಚ್ಚಿ ಕಚ್ಚಿ ದವಡೆಹಲ್ಲು ಸೀಳಿತ್ತು, ಬೇರಿನಲ್ಲಿ ಕೀವು ತುಂಬಿ ಕೆಳಗೆ ಇಳಿಯತೊಡಗಿತ್ತು. “ಕೊರಳಿಗೆ ಇಳಿದಿದ್ದರೆ ಉಸಿರಿಗೇ ಕಷ್ಟವಾಗುತ್ತಿತ್ತು” ಎಂದು ಹಿಂದಿಯಲ್ಲಿ ವಿವರಿಸಿದರು. ಕ್ಯಾನ್ಸರ್ ಅಲ್ಲ ತಾನೇ ಎಂದು ಮೂರು ಸಲ ಕೇಳಿದೆ. ಅಲ್ಲ, ಅಲ್ಲ, ಅಲ್ಲ ಎಂದರು. ಅಂದೇ ಆ ಹಲ್ಲು ಕಿತ್ತು ಕೀವು ತೆಗೆದರು. ವೇಪನ್ನು ಅವರ ಕಸದ ಡಬ್ಬಿಗೇ ಹಾಕಿ ಹೊರಟೆ.

ರಾತ್ರಿಯ ಇಶಾ ನಮಾಜು ಮುಗಿಸಿ ಬಂದ ಕಾಕಾ ಶಟರು ಅರ್ಧ ಎಳೆದು ನನಗಾಗಿ ಕಾದಿದ್ದರು. ಡಾಕ್ಟರಮ್ಮನ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ ಕುರ್ಚಿ ತೋರಿಸಿದರು. ಬಾಯಿ ಮರಗಟ್ಟಿತ್ತು. ಅವತ್ತು ಮಾತಾಡಿದ್ದು ಅವರು.

“ಊರಲ್ಲಿ ನನ್ನ ಅಂಗಡಿಗೆ ಒಬ್ಬರು ಮೇಷ್ಟ್ರು ಬರ್ತಿದ್ರು. ಅವರಿಗೆ ಇಲ್ಲೇ, ಕಿವಿಯ ಕೆಳಗೆ, ಕಡಲೆಯಷ್ಟು ಗಂಟು. ನನ್ನ ಬೆರಳಿಗೆ ಸಿಕ್ಕಿತ್ತು. ಓದಿದವರು, ದೊಡ್ಡವರು, ಅವರಿಗೆ ನಾನು ಎಂತ ಹೇಳೋದು ಅಂತ ಸುಮ್ಮನಾದೆ. ಗಂಟಿನ ಸುತ್ತ ಚಂದ ಮಾಡಿ ಬೋಳಿಸ್ತಿದ್ದೆ. ಒಂದು ವರ್ಷವೂ ಬದುಕಲಿಲ್ಲ ಅವರು.”

ಎಡಗೆನ್ನೆ ಮುಗಿಸಿ ಹೆಬ್ಬೆರಳು ಎಳೆದರು.

“ನಿಮಗೂ ಎರಡು ವಾರ ಹೇಳ್ಲಿಲ್ಲ ನಾನು. ಅದು ತಪ್ಪು. ಸಿಟ್ಟು ಮಾಡಬೇಡಿ.”

ನನ್ನ ಜೀವ ಉಳಿಸಿದವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ಮರಗಟ್ಟಿದ ಬಾಯಲ್ಲಿ ನಾನು ಏನೋ ತೊದಲಿದೆ. “ಬಾಯಿ ಬಂದ್” ಎಂದು ಪಟಿಕ ಒತ್ತಿದರು.

ಅಂದಿನಿಂದ ನನಗೆ ಸಿಗರೇಟೂ ಇಲ್ಲ, ವೇಪೂ ಇಲ್ಲ. ಎಡಗಡೆ ಒಂದು ಹಲ್ಲು ಕಡಿಮೆ, ಆದರೂ ಜೋಳದ ಕಟಕ್ ರೊಟ್ಟಿ ಧಾರಾಳವಾಗಿ ಮುರಿಯುತ್ತೇನೆ. ಹೋದ ವರ್ಷ ಕಾಕಾ ಸೆಲೂನನ್ನು ಕೇರಳದವನಿಗೆ ಒಪ್ಪಿಸಿ ಊರಿಗೆ ಹೊರಟರು. ಕೊನೆಯ ಸಲ ಬೋಳಿಸಿದ ಮೇಲೆ ನನ್ನ ಹೆಬ್ಬೆರಳನ್ನು ಹಿಡಿದು ನನ್ನದೇ ಕಿವಿಯ ಬುಡದಲ್ಲಿಟ್ಟು, “ಇನ್ನು ನೀವೇ ನೋಡ್ಕೊಳ್ಳಿ, ಗದಗದವ್ರೇ” ಎಂದರು.

ಮೂರು ತಿಂಗಳ ಹಿಂದೆ, ಬೆಳಗಿನ ಡ್ಯೂಟಿಗೆ ತಯಾರಾಗುತ್ತಿದ್ದಾಗ ಅವರ ಮಗನ ವಾಯ್ಸ್ ಮೆಸೇಜು ಬಂತು. ಬಾಪ ಹೋದರು, ಹೃದಯಾಘಾತ, ಮಲಗಿದಲ್ಲೇ ಎಂದಿದ್ದ. ನನ್ನ ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯಲ್ಲಿ ನೊರೆಯಿತ್ತು. ಕನ್ನಡಿಯ ಮುಂದೆ ಹಾಗೇ ನಿಂತೆ. ಆಮೇಲೆ ಎಡಗಡೆಯನ್ನೂ ಬೋಳಿಸಿ, ಕಣ್ಣು ಮುಚ್ಚಿ, ಕಿವಿಯ ಬುಡದಿಂದ ಗದ್ದದವರೆಗೆ ಹೆಬ್ಬೆರಳು ಎಳೆದುಕೊಂಡೆ. ಎಲ್ಲಿಯೂ ನಿಲ್ಲಲಿಲ್ಲ.

ಅವತ್ತು ಪ್ಲಾಂಟಿನಲ್ಲಿ ಮಾಸ್ಕ್ ಡ್ರಿಲ್ ಇತ್ತು. ಮಾಸ್ಕ್ ಹಾಕಿಕೊಂಡ ಮೇಲೆ ಅತ್ತುಬಿಟ್ಟೆ, ಯಾರಿಗೂ ಕಾಣಲಿಲ್ಲ. ಅಂಚಿನಲ್ಲಿ ಒಂದು ಚೂರೂ ಗಾಳಿ ಒಳಗೆ ಬರಲಿಲ್ಲ. ಕೆನ್ನೆ ಅಷ್ಟು ನುಣ್ಣಗಿತ್ತು.